ರಟ್ಟಿನ ಗೋಡೆ ಅಲ್ಲ ಮಾರಾಯ್ರೆ!

ಜಿಪ್ಸಂ ಬೋರ್ಡಿನ ಗೋಡೆ ಕಂಡ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ: ಬೆರಳು ಮಡಚಿ ಟಕ್ ಟಕ್ ಅಂತ ತಟ್ಟೋದು. ನಮ್ಮ ಗೋಡೆಗೂ ಹಾಗೇ ಆಯ್ತು. ಮೂರು ವಾರ ಬೆವರು ಸುರಿಸಿ ನಿಲ್ಲಿಸಿದ ಗೋಡೆಯನ್ನು ದೊಡ್ಡಪ್ಪ ನಾಲ್ಕು ಕಡೆ ತಟ್ಟಿ, ಕಿವಿಯಿಟ್ಟು ಕೇಳಿ, "ಎಂತದಾ ಇದು, ರಟ್ಟಿನ ಗೋಡೆನಾ? ನಾಳೆ ಬೆಕ್ಕು ಹಾರಿದ್ರೆ ತೂತಾಗಲ್ವಾ?" ಅಂದರು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಗೊತ್ತಿತ್ತು, ಆದ್ರೆ ಪೂರ್ತಿ ಕನ್ನಡದಲ್ಲಿ ಹೇಳಕ್ಕೆ ಬಾಯಿ ಬರಲಿಲ್ಲ. ಅವತ್ತು ಹೇಳದೆ ಉಳಿದ ಉತ್ತರವನ್ನೇ ಇಲ್ಲಿ ಬರೀತಾ ಇದ್ದೀವಿ.

ನಾವು ಅಂದರೆ ಒಂದೇ ಹಾಸ್ಟೆಲ್ ರೂಮಿನ ಮೂವರು. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಸಿವಿಲ್‌ನವರು ಓದಿ ನಗಬೇಡಿ, ತಪ್ಪಿದ್ದರೆ ತಿದ್ದಿ. ನಮ್ಮಲ್ಲಿ ಒಬ್ಬನ ಮನೆ ತೀರ್ಥಹಳ್ಳಿ ಕಡೆ. ಹಾಸ್ಟೆಲ್‌ನಲ್ಲಿ ಅವನ ಹೆಸರೇ 'ತೀರ್ಥಹಳ್ಳಿ' ಆಗಿಬಿಟ್ಟಿದೆ. ಅವರಪ್ಪ ಕಾಂಟ್ರಾಕ್ಟರ್‌ಗೆ ಕೊಡದೆ ತಾವೇ ಎದುರು ನಿಂತು, ಅಡಿಕೆ ದುಡ್ಡು ಕೈಗೆ ಬಂದ ವರ್ಷ ಒಂದಿಷ್ಟು ಕಟ್ಟಿಸಿ, ಬಾರದ ವರ್ಷ ಸುಮ್ಮನಿದ್ದು, ಹೀಗೆ ಆರು ವರ್ಷದಿಂದ ಮನೆ ಏಳಿಸ್ತಾ ಇದ್ದಾರೆ. ಕೆಳಗಡೆ ಮುಗಿದಿದೆ. ಮಹಡಿ ಮೇಲೆ ಒಂದೇ ಒಂದು ದೊಡ್ಡ ಹಾಲು, ಸುತ್ತ ಗೋಡೆ, ಮೇಲೆ ಸ್ಲ್ಯಾಬು, ಅಷ್ಟೇ. ಅವನ ತಂಗಿ ಸೆಕೆಂಡ್ ಪಿಯುಗೆ ಬಂದಿದ್ದಳು. ಕೆಳಗೆ ಟಿವಿ, ನೆಂಟರು, ಅಜ್ಜಿಯ ಕೆಮ್ಮು. ಅವಳಿಗೆ ಬಾಗಿಲು ಹಾಕಿಕೊಂಡು ಓದಕ್ಕೆ ಒಂದು ರೂಮು ಬೇಕಿತ್ತು, ಅದೂ ಮಳೆ ಹಿಡಿಯೋದ್ರೊಳಗೆ. ಬೇಸಿಗೆ ರಜೆಗೆ ನಾವು ಹೋಗಿದ್ದು ನಿಜವಾಗಿ ಹಲಸಿನಹಣ್ಣು ತಿನ್ನೋದಕ್ಕೆ.

ಎರಡೂಮುಕ್ಕಾಲು ಟನ್

ಹಾಲಿಗೆ ಅಡ್ಡ ಬ್ಲಾಕ್ ಗೋಡೆ ಕಟ್ಟಿಸಿದರಾಯ್ತು ಅಂತಲೇ ಮೊದಲು ಅಂದುಕೊಂಡಿದ್ದರು. ಮೇಸ್ತ್ರಿ ಬಂದು ಕೆಳಗಿನ ಚಾವಣಿ ನೋಡಿ, "ಇಲ್ಲಿ ಅಡಿಗೆ ಬೀಮ್ ಇಲ್ಲ ಗೌಡ್ರೆ, ಬರೀ ಸ್ಲ್ಯಾಬ್ ಮೇಲೆ ಗೋಡೆ ಕೂರ್ಸಕ್ಕೆ ಆಗಲ್ಲ" ಅಂದುಬಿಟ್ಟರು. ನಾವು ರಾತ್ರಿ ಊಟ ಆದ್ಮೇಲೆ ಲೆಕ್ಕ ಹಾಕಿದೆವು. ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ, ಅಂದರೆ ಸುಮಾರು 11 ಚದರ ಮೀಟರ್. ನಾಲ್ಕಿಂಚಿನ ಸಾಲಿಡ್ ಬ್ಲಾಕು, ಎರಡೂ ಕಡೆ ಸಿಮೆಂಟ್ ಪ್ಲಾಸ್ಟರಿಂಗು ಸೇರಿದರೆ ಒಂದು ಚದರ ಮೀಟರ್‌ಗೆ ಹತ್ತಿರ ಹತ್ತಿರ 250 ಕೆಜಿ. ಒಟ್ಟು ಎರಡೂಮುಕ್ಕಾಲು ಟನ್. ಒಂದು ಸಣ್ಣ ಆನೆಯನ್ನು ಉದ್ದಕ್ಕೆ ಮಲಗಿಸಿದ ಹಾಗೆ, ಅದೂ ಸ್ಲ್ಯಾಬಿನ ನಡುಮಧ್ಯ. ಅದೇ ಜಾಗಕ್ಕೆ ತಗಡಿನ ಚೌಕಟ್ಟು ನಿಲ್ಲಿಸಿ ಎರಡೂ ಬದಿ ಒಂದೊಂದು ಪದರ ಜಿಪ್ಸಂ ಬೋರ್ಡ್ ಬಡಿದರೆ ಚದರ ಮೀಟರ್‌ಗೆ 25 ಕೆಜಿ ಮೀರಲ್ಲ. ಒಟ್ಟು 250-275 ಕೆಜಿ. ನಾವು ಮೂವರು ಮತ್ತು ದೊಡ್ಡಪ್ಪ ಆ ಸಾಲಿನಲ್ಲಿ ನಿಂತರೆ ಆಗುವಷ್ಟು ಭಾರ! ಮೇಸ್ತ್ರಿಗೂ ಒಪ್ಪಿಗೆಯಾಯ್ತು.

ಹೀಗೆ ನೀರು, ಕಲಸುವಿಕೆ, ಕ್ಯೂರಿಂಗು ಇಲ್ಲದೆ ಒಣ ಹಲಗೆಯಿಂದಲೇ ಗೋಡೆ ಮಾಡೋದಕ್ಕೆ, ಅಥವಾ ಇರುವ ಗೋಡೆಗೆ ಒಳಗಡೆಯಿಂದ ಹಲಗೆ ಹೊದಿಸೋದಕ್ಕೆ ಡ್ರೈ ಲೈನಿಂಗ್ ಅಂತ ಹೆಸರು. ನಮ್ಮಲ್ಲಿ ಹೆಚ್ಚಿನವರು ಇದನ್ನ ನೋಡಿರೋದು ಫಾಲ್ಸ್ ಸೀಲಿಂಗ್‌ನಲ್ಲಿ, ಆಮೇಲೆ ಪಿಜಿಗಳಲ್ಲಿ ಒಂದು ರೂಮನ್ನ ಎರಡು ಮಾಡಿ ಎರಡು ಬಾಡಿಗೆ ತಗೊಳ್ಳೋ ಕಡೆ.

ಬೋರ್ಡ್ ಒಳಗೆ ಏನಿದೆ

ಎರಡು ದಪ್ಪ ಕಾಗದಗಳ ನಡುವೆ ಜಿಪ್ಸಂ. 1894ರಲ್ಲಿ ಅಮೆರಿಕದಲ್ಲಿ ಅಗಸ್ಟೀನ್ ಸ್ಯಾಕೆಟ್ ಎಂಬಾತ ಇಂಥದೊಂದು ಹಲಗೆಗೆ ಪೇಟೆಂಟ್ ಪಡೆದ. ಆಗ ಅದು ಕಾಗದ-ಪ್ಲಾಸ್ಟರ್-ಕಾಗದ ಅಂತ ಪದರ ಪದರವಾಗಿ ಇರ್ತಿತ್ತು. ನಮ್ಮ ದೇಶದಲ್ಲಿ ಐಎಸ್ 2095 ಅನ್ನೋ ಮಾನಕ ಇದೆ. ತಗೊಳ್ಳುವಾಗ ಬೋರ್ಡಿನ ಹಿಂದೆ ಆ ನಂಬರ್ ಇದೆಯಾ ಅಂತ ನೋಡಿ.

ಕೆಮಿಸ್ಟ್ರಿ ಇಷ್ಟೇ: ಜಿಪ್ಸಂ ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಒಂದೊಂದು ಅಣುವಿನ ಜೊತೆ ಎರಡೆರಡು ನೀರಿನ ಅಣು. ಅಣುತೂಕ 172, ಅದರಲ್ಲಿ ನೀರಿನ ಪಾಲು 36. ಅಂದರೆ ತೂಕದಲ್ಲಿ ಶೇಕಡ 21ರಷ್ಟು ನೀರೇ! 4 ಅಡಿ ಅಗಲ 8 ಅಡಿ ಉದ್ದದ, 12.5 ಮಿ.ಮೀ. ದಪ್ಪದ ಒಂದು ಬೋರ್ಡು ಸುಮಾರು 25 ಕೆಜಿ ತೂಗುತ್ತೆ. ಮುಟ್ಟಿದರೆ ಒಣಕಲು, ಆದ್ರೆ ಹರಳಿನೊಳಗೆ ಹತ್ತಿರ ಹತ್ತಿರ 5 ಲೀಟರ್ ನೀರು ಕಟ್ಟಿಹಾಕಿಕೊಂಡು ಕೂತಿರುತ್ತೆ. ಬೆಂಕಿ ತಗುಲಿದಾಗ ಮೊದಲು ಈ ನೀರು ಬಿಡಿಸಿಕೊಂಡು ಆವಿಯಾಗಿ ಹೋಗಬೇಕು. ಅದಕ್ಕೆ ತುಂಬಾ ಶಾಖ ಬೇಕು. ಹೋಗಿ ಮುಗಿಯೋವರೆಗೂ ಬೋರ್ಡಿನ ಹಿಂಬದಿ 100 ಡಿಗ್ರಿ ಆಸುಪಾಸಿನಲ್ಲೇ ನಿಂತಿರುತ್ತೆ. 'ಕಾಗದದ ಗೋಡೆ ಬೆಂಕಿ ಹತ್ತಲ್ವಾ' ಅಂತ ಕೇಳಿದ ಅಜ್ಜಿಗೆ ಇದನ್ನ ಹೇಳಿದಾಗ ಅಜ್ಜಿ ನಂಬಲಿಲ್ಲ. ತುಂಡೊಂದನ್ನ ಒಲೆಗೆ ಹಿಡಿದು ತೋರಿಸಿದ ಮೇಲೆ ನಂಬಿದರು.

ಬೆಂಕಿಗೆ ಇಷ್ಟು ಗಟ್ಟಿಗನಾದ ಇದೇ ವಸ್ತು ಹೊರಗಿನ ನೀರಿಗೆ ಮಾತ್ರ ಸೋಲುತ್ತೆ. ಆ ಕಥೆ ಆಮೇಲೆ ಬರುತ್ತೆ.

ಅಂಗಡಿಯಲ್ಲಿ ಮೂರು ಬಣ್ಣ ಸಿಗುತ್ತೆ. ಬಿಳಿ ಅಥವಾ ಬೂದು ಕಾಗದದ್ದು ಮಾಮೂಲಿ, ಹಸಿರು ತೇವ ತಡೆಯುವಂಥದ್ದು, ಗುಲಾಬಿ ಬೆಂಕಿಗೆ ಇನ್ನೂ ಹೆಚ್ಚು ಹೊತ್ತು ನಿಲ್ಲುವಂಥದ್ದು. ಕೇಳಲೇಬೇಕಾದ ಇನ್ನೊಂದು ವಿಷಯ ಅಂಚಿನದು. ಉದ್ದದ ಎರಡು ಅಂಚುಗಳು ಸ್ವಲ್ಪ ತೆಳುವಾಗಿ ಇಳಿದಿರೋ ಬೋರ್ಡ್ ಬೇಕಾ, ಅಂಚು ಚಚ್ಚೌಕ ಇರೋದು ಬೇಕಾ ಅಂತ. ಗೋಡೆಗೆ ಇಳಿಜಾರು ಅಂಚಿನದೇ ಬೇಕು. ಯಾಕೆ ಅನ್ನೋದು ಫಿನಿಶಿಂಗ್ ಹೊತ್ತಿಗೆ ಗೊತ್ತಾಗುತ್ತೆ.

ಸಾಗಿಸೋದು ಹುಷಾರು. ಬೋರ್ಡನ್ನ ಯಾವತ್ತೂ ಇಬ್ಬರು ಹಿಡಿದು, ಅಂಚಿನ ಮೇಲೆ ನಿಲ್ಲಿಸಿಕೊಂಡೇ ಹೊರಬೇಕು. ಅಡ್ಡ ಮಲಗಿಸಿ ಎತ್ತಿದರೆ ತನ್ನ ತೂಕಕ್ಕೇ ನಡು ಮುರಿಯುತ್ತೆ. ನಮ್ಮ ಮೊದಲ ಬೋರ್ಡ್ ಮೆಟ್ಟಿಲ ತಿರುವಿನಲ್ಲಿ ಹಾಗೇ ಹೋಯ್ತು. ಇಡುವಾಗ ಮಾತ್ರ ಮಲಗಿಸಿಯೇ ಇಡಬೇಕು, ಅಡಿಗೆ ಸಮನಾದ ರೀಪುಗಳನ್ನ ಕೊಟ್ಟು. ಗೋಡೆಗೆ ಒರಗಿಸಿಟ್ಟರೆ ಎರಡು ದಿನದಲ್ಲಿ ಬಾಳೆಎಲೆ ಥರ ಬಾಗುತ್ತೆ.

ಚೌಕಟ್ಟು

ನೆಲಕ್ಕೊಂದು, ಚಾವಣಿಗೊಂದು 'ಯು' ಆಕಾರದ ತಗಡಿನ ಪಟ್ಟಿ. ಅದನ್ನ ಟ್ರ್ಯಾಕ್ ಅಂತಾರೆ. ಅವೆರಡರ ನಡುವೆ ನೆಟ್ಟಗೆ ನಿಲ್ಲೋ 'ಸಿ' ಆಕಾರದ ಕಂಬ, ಅದು ಸ್ಟಡ್. ಎಲ್ಲ ಜಿಐ ತಗಡು. ನೆಲದಲ್ಲಿ ಬಣ್ಣದ ದಾರ ಚಿಮ್ಮಿ ಗೆರೆ ಹೊಡೆದು, ಅದೇ ಗೆರೆಯನ್ನ ತೂಗುಗುಂಡು ಬಿಟ್ಟು ಚಾವಣಿಗೆ ಎತ್ತಿದೆವು. ಲೇಸರ್ ಲೆವೆಲ್ ಇದ್ದರೆ ಹತ್ತು ನಿಮಿಷ. ನಮ್ಮ ಹತ್ತಿರ ಇರಲಿಲ್ಲ, ಅರ್ಧ ದಿನ ಹಿಡೀತು. ಫ್ಯಾನ್ ಗಾಳಿಗೆ ಗುಂಡು ಅಲ್ಲಾಡ್ತಾ ಇದ್ದಿದ್ದು ಗೊತ್ತಾಗೋಕೆ ಅದರಲ್ಲಿ ಒಂದು ಗಂಟೆ.

ಸ್ಟಡ್‌ಗಳ ಅಂತರ ಮನಸ್ಸಿಗೆ ಬಂದಷ್ಟು ಇಡೋ ಹಾಗಿಲ್ಲ. ಬೋರ್ಡಿನ ಅಗಲ 1220 ಮಿ.ಮೀ. ಇದ್ದರೆ ಸ್ಟಡ್ ಮಧ್ಯದಿಂದ ಮಧ್ಯಕ್ಕೆ 610 ಮಿ.ಮೀ. ಆಗ ಎರಡು ಬೋರ್ಡು ಸೇರೋ ಕಡೆ ಸರಿಯಾಗಿ ಒಂದು ಸ್ಟಡ್ ಬರುತ್ತೆ, ಎರಡೂ ಅಂಚುಗಳು ಅದೇ ಸ್ಟಡ್ಡಿನ ಅರ್ಧರ್ಧ ಹಂಚಿಕೊಳ್ಳುತ್ತವೆ. ನಮ್ಮ 12 ಅಡಿಗೆ ಏಳು ಸ್ಟಡ್, ಬಾಗಿಲಿಗೆ ಬೇರೆ. ಬಾಗಿಲಿನ ಎರಡೂ ಪಕ್ಕದ ಸ್ಟಡ್ ಒಳಗೆ ಮರದ ರೀಪು ತುಂಬಿದೆವು, ಯಾಕಂದ್ರೆ ದಿನಾ ಧಡಾರ್ ಅಂತ ಬಾಗಿಲು ಹಾಕೋರು ಇರೋ ಮನೆ ಅದು.

ಒಂದು ಒಳ್ಳೆ ಮಾತನ್ನ ಪಟ್ಟಣದಲ್ಲಿ ಫಾಲ್ಸ್ ಸೀಲಿಂಗ್ ಕೆಲಸ ಮಾಡೋ ಅಣ್ಣ ಒಬ್ಬರು ಹೇಳಿಕೊಟ್ಟರು: ಸ್ಟಡ್ಡನ್ನ ಚಾವಣಿಗೆ ಬಿಗಿಯಾಗಿ ಕಚ್ಚೋ ಹಾಗೆ ಕತ್ತರಿಸಬೇಡಿ, 5 ಮಿ.ಮೀ. ಕಮ್ಮಿ ಇರಲಿ. ಸ್ಲ್ಯಾಬ್ ನಮಗೆ ಕಲ್ಲಿನ ಥರ ಕಂಡರೂ ಭಾರ ಬಿದ್ದಾಗ, ಬಿಸಿಲು ಹೊಡೆದಾಗ ಕೂದಲೆಳೆಯಷ್ಟು ಬಾಗುತ್ತೆ, ಏಳುತ್ತೆ. ಸ್ಟಡ್ ಬಿಗಿಯಾಗಿದ್ದರೆ ಆ ಬಾಗುವಿಕೆಯೆಲ್ಲ ಗೋಡೆಗೆ ಬಂದು ಜೋಡಣೆ ಬಿರುಕು ಬಿಡುತ್ತೆ.

ಬೋರ್ಡ್ ಮುಚ್ಚೋ ಮೊದಲು ಒಳಗೆ ಹೋಗಬೇಕಾದ್ದೆಲ್ಲ ಹೋಗಿರಬೇಕು: ವೈರಿನ ಪೈಪು, ಸ್ವಿಚ್ ಬಾಕ್ಸು, ಗ್ಲಾಸ್ ವೂಲ್. ಪುಸ್ತಕದ ಶೆಲ್ಫ್ ಎಲ್ಲಿ ಬರುತ್ತೆ ಅಂತ ತಂಗಿಯನ್ನೇ ಕೇಳಿ ಆ ಎತ್ತರದಲ್ಲಿ ಎರಡು ಸ್ಟಡ್ ನಡುವೆ 18 ಮಿ.ಮೀ. ಪ್ಲೈವುಡ್ ಪಟ್ಟಿ ಕೂರಿಸಿದೆವು. ಬರೀ ಬೋರ್ಡಿಗೆ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ಹಾಕಿ ಶೆಲ್ಫ್ ತೂಗುಹಾಕಿದರೆ ಫಿಸಿಕ್ಸ್ ಪುಸ್ತಕದ ಸಮೇತ ಕೆಳಗೆ ಬರುತ್ತೆ. ಮುಚ್ಚೋ ಮೊದಲು ಟೇಪು ಹಿಡಿದು ಪ್ರತಿ ಸ್ಟಡ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ. ಆಮೇಲೆ ಗೋಡೆ ಎಲ್ಲ ಬೆಳ್ಳಗೆ ಒಂದೇ ಥರ ಇರುತ್ತೆ, ಒಳಗೆ ಎಲ್ಲಿ ಏನಿದೆ ಅಂತ ದೇವರಿಗೂ ಗೊತ್ತಾಗಲ್ಲ.

ಗ್ಲಾಸ್ ವೂಲ್ ಹಾಕಿದ್ದು ಟಿವಿ ಸದ್ದಿಗೋಸ್ಕರ. ಹಾಕುವಾಗ ತುಂಬುತೋಳಿನ ಅಂಗಿ, ಮಾಸ್ಕ್, ಕನ್ನಡಕ ಇರಲೇಬೇಕು. ಲುಂಗಿಯಲ್ಲಿ ಕೆಲಸಕ್ಕಿಳಿದ ನಮ್ಮಲ್ಲೊಬ್ಬ ರಾತ್ರಿಯೆಲ್ಲ ಕೆರಕೊಂಡ. ಇನ್ನೊಂದು, ಸದ್ದಿಗೂ ನೀರಿನ ಬುದ್ಧಿಯೇ, ಸಂದಿ ಎಲ್ಲಿದೆಯೋ ಅಲ್ಲಿಂದಲೇ ನುಗ್ಗುತ್ತೆ. ಟ್ರ್ಯಾಕ್ ಮತ್ತು ನೆಲದ ನಡುವೆ ಸೀಲೆಂಟ್ ಹಾಕದೆ ಬಿಟ್ಟರೆ ಒಳಗೆ ಎಷ್ಟು ವೂಲ್ ತುರುಕಿದರೂ ಅರ್ಧ ಕೆಲಸ ವ್ಯರ್ಥ.

ನಾವು ಮಾಡಿಕೊಂಡ ಎಡವಟ್ಟು

ಈ ಭಾಗ ಬರೆಯೋದಾ ಬೇಡವಾ ಅಂತ ನಮ್ಮಲ್ಲಿ ಜಗಳ ಆಯ್ತು. ಬರೀತಾ ಇದ್ದೀವಿ.

ಹೊಸ ರೂಮಿನ ಒಂದು ಬದಿ ಪಡುವಣದ ಹೊರಗೋಡೆ. ಒಳಗಿನ ಪ್ಲಾಸ್ಟರಿಂಗ್ ಅಂಕುಡೊಂಕು. ಕಿಟಕಿಯ ಕೆಳಗೆ ಒಂದು ಕಡೆ ಕಂದು ಕಲೆ, ಕೈಯಾಡಿಸಿದರೆ ಬಿಳಿ ಪುಡಿ. ಗೋಡೆ ಉಪ್ಪು ಬಿಟ್ಟಿತ್ತು. "ಹ್ಯಾಂಗೂ ಬೋರ್ಡ್ ತರಿಸ್ತೀರಲ್ಲ, ಇದಕ್ಕೂ ಒಂದು ಪದರ ಹೊಡೀರಿ, ಮುಚ್ಚಿಹೋಗ್ತದೆ" ಅಂದರು ಅವನ ಅಪ್ಪ. ನಮಗೂ ಸರಿ ಅನ್ನಿಸ್ತು. ಹಸಿರು ಬೋರ್ಡ್ ತಂದರಾಯ್ತು, ಅದು ವಾಟರ್‌ಪ್ರೂಫ್ ಅಲ್ವಾ! ಗೋಡೆಗೆ ನೇರವಾಗಿ ಚಾನೆಲ್ ಬಡಿದು, ಕಿಟಕಿ ಕೆಳಗೆ ಎರಡು ಹಸಿರು ಬೋರ್ಡ್ ಹಾಕಿ, ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆವು.

ಒಂದು ವಾರ ಕಳೆದಿರಬೇಕು. ಸಾಯಂಕಾಲ ಗುಡುಗು ಸಹಿತ ಮಳೆ ಬಂತು, ಮಾರನೇ ದಿನವೂ ಬಂತು, ಗಾಳಿ ಪಡುವಣದಿಂದ. ಮೂರನೇ ದಿನ ಬೆಳಗ್ಗೆ ಹೋಗಿ ನೋಡಿದರೆ ಹಸಿರು ಕಾಗದದ ಮೇಲೆ ಕೆಳಗಿನಿಂದ ಮೇಲಕ್ಕೆ ಕಂದು ಬಣ್ಣದ ಅಲೆ. ಹೆಬ್ಬೆರಳು ಒತ್ತಿದರೆ ಒಳಗೆ ಹೋಯ್ತು, ನೆನೆದ ಬಿಸ್ಕತ್ತಿನ ಥರ. ಸ್ಕ್ರೂ ಬಿಚ್ಚಿದರೆ ಹಿಂದಿನ ಕಾಗದ ಕೈಗೇ ಬಂತು, ಜೊತೆಗೆ ಕಮಟು ವಾಸನೆ. ಅವನ ಅಪ್ಪ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿರ್ತಿತ್ತು. ಎರಡು ಬೋರ್ಡನ್ನ ಎತ್ತಿಕೊಂಡು ಹೋಗಿ ಹಿತ್ತಿಲಲ್ಲಿ ಇಟ್ಟು ಬಂದರು.

ಏನಾಗಿತ್ತು ಅಂದ್ರೆ, ಹಸಿರು ಬೋರ್ಡಿನ ಜಿಪ್ಸಂಗೆ ನೀರು ಹೀರೋದನ್ನ ಕಮ್ಮಿ ಮಾಡೋ ವಸ್ತು ಸೇರಿಸಿರ್ತಾರೆ. ಬಚ್ಚಲಿನ ಹಬೆ, ಟೈಲ್ಸ್ ಹಿಂದಿನ ಒಂದಿಷ್ಟು ತೇವ, ಅಷ್ಟಕ್ಕೆ ಅದು ಸಾಕು. ಹಿಂದಿನಿಂದ ದಿನಗಟ್ಟಲೆ ಒಸರುವ ನೀರಿಗೆ ಅದು ಮಾಡಿದ್ದಲ್ಲ. ಕಾಗದ ಬತ್ತಿಯ ಥರ ನೀರನ್ನ ಮೇಲಕ್ಕೆಳೆಯುತ್ತೆ. ಜಿಪ್ಸಂ ಒಂದು ಲೀಟರ್ ನೀರಿಗೆ ಎರಡು ಗ್ರಾಮಿನಷ್ಟು ಕರಗುತ್ತೆ ಕೂಡ. ಹರಳು ಹರಳು ಹೆಣೆದುಕೊಂಡಿದ್ದರಿಂದಲೇ ಅದಕ್ಕೆ ಬಲ, ನೆನೆದಾಗ ಆ ಹೆಣಿಗೆ ಸಡಿಲ ಆಗುತ್ತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಬೋರ್ಡ್ ಹಾಕಿದ್ದರಿಂದ ಗೋಡೆ ಒಳಗಡೆಗೆ ಒಣಗೋ ದಾರಿಯನ್ನೇ ಮುಚ್ಚಿದ್ವಿ. ಸೀಮೆಎಣ್ಣೆ ಡಬ್ಬಿ ಸೋರ್ತಾ ಇದ್ದರೆ ಅದರ ಮೇಲೆ ಟವೆಲ್ ಮುಚ್ಚಿದ ಹಾಗೆ.

ಆಮೇಲೆ ಕಲಿತ ಪರೀಕ್ಷೆ ಬಹಳ ಸುಲಭದ್ದು, ಮೊದಲೇ ಮಾಡಬೇಕಿತ್ತು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನ ಅನುಮಾನ ಇರೋ ಜಾಗಕ್ಕೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪ್ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದ್ರೆ ಗೋಡೆಯ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿನಿಂದ ಬರ್ತಾ ಇದೆ. ಹೊರಮೈಯಲ್ಲಿ ಕಟ್ಟಿದ್ದರೆ ರೂಮಿನ ಗಾಳಿಯದು. ನಮ್ಮ ಹಾಳೆ ಒಳಗಡೆಯೇ ಬೆವೆತಿತ್ತು.

ಮೇಸ್ತ್ರಿ ಹೊರಗಡೆಯಿಂದ ಏಣಿ ಹಾಕಿ ನೋಡಿದರು. ಕಿಟಕಿಯ ಕೆಳಗಿನ ಸಿಲ್ ಹೊರಗೆ ಇಳಿಜಾರಾಗೋ ಬದಲು ಒಳಗೆ ವಾಲಿತ್ತು. ಅದರ ಅಡಿಯಲ್ಲಿ ನೀರು ಕಡಿಯೋ ತೋಡೂ ಇರಲಿಲ್ಲ. ಸಜ್ಜಾ ಅಡಿಯಲ್ಲಿ, ಸಿಲ್ ಅಡಿಯಲ್ಲಿ ಅಂಚಿಗೆ ಹತ್ತಿರವಾಗಿ ಒಂದು ಗೆರೆಯಂಥ ತೋಡು ಇರುತ್ತಲ್ಲ, ನಾವೆಲ್ಲ ಅದನ್ನ ಡಿಸೈನ್ ಅಂದುಕೊಂಡಿದ್ವಿ. ನೀರು ಅಂಚು ದಾಟಿ ಅಡಿಮೈಗೆ ಅಂಟಿಕೊಂಡೇ ಗೋಡೆವರೆಗೆ ತೆವಳಿಕೊಂಡು ಬರುತ್ತೆ. ತೋಡು ಬಂದ ಕಡೆ ದಾಟಕ್ಕಾಗದೆ ತೊಟ್ಟಿಕ್ಕಿ ಬೀಳುತ್ತೆ. ಬೆರಳಗಲದ ಆ ಒಂದು ತೋಡು ಇಲ್ಲದ್ದಕ್ಕೆ ಎರಡು ಬೋರ್ಡ್ ಹೋಯ್ತು. ಮೇಸ್ತ್ರಿ ಸಿಲ್ ಒಡೆದು ಹೊರಕ್ಕೆ ಇಳಿಜಾರು ಕೊಟ್ಟು, ತೋಡು ಕಡಿದು, ಹೊರಗಿನ ಬಿರುಕಿಗೆ ಪ್ಲಾಸ್ಟರಿಂಗ್ ಮಾಡಿದರು. ಆ ಗೋಡೆಗೆ ಒಳಗಡೆಯಿಂದ ಬೋರ್ಡ್ ಹಾಕೋದನ್ನ ಕೈಬಿಟ್ಟೆವು. ಒಂದು ಪೂರ್ತಿ ಮಳೆಗಾಲ ಬೆತ್ತಲೆ ಇರಲಿ, ಒಣಗಿಯೇ ಇದ್ದರೆ ಆಮೇಲೆ ನೋಡೋಣ ಅಂತ.

ಬೋರ್ಡ್ ಕೂರಿಸೋದು

ಅಡ್ಡಗೋಡೆಗೆ ವಾಪಸ್ ಬರೋಣ. ಬೋರ್ಡ್ ಕತ್ತರಿಸಕ್ಕೆ ಗರಗಸ ಬೇಡ. ಮುಂಬದಿಯ ಕಾಗದವನ್ನ ಕಟರ್‌ನಲ್ಲಿ ಗೀರಿ, ಹಿಂದಕ್ಕೆ ಮಡಚಿದರೆ ಲಟಕ್ ಅಂತ ನೇರವಾಗಿ ಮುರಿಯುತ್ತೆ. ಹಿಂದಿನ ಕಾಗದವನ್ನ ಆಮೇಲೆ ಕೊಯ್ಯೋದು. ಗರಗಸ ಬೇಕಾಗೋದು ಸ್ವಿಚ್ ಬಾಕ್ಸಿನ ತೂತಿಗೆ, ಬಾಗಿಲ ಮೂಲೆಗೆ ಮಾತ್ರ. ಬಾಗಿಲ ಮೂಲೆಯ ನೇರಕ್ಕೆ ಜೋಡಣೆ ಬರಬಾರದು. ಒಂದೇ ಬೋರ್ಡನ್ನ 'ಎಲ್' ಆಕಾರಕ್ಕೆ ಕತ್ತರಿಸಿ ಮೂಲೆಯನ್ನ ಸುತ್ತಿಸಬೇಕು. ಸ್ಟ್ರೆಸ್ ಕಾನ್ಸಂಟ್ರೇಶನ್ ಅಂತ ಪರೀಕ್ಷೆಗೆ ಉರುಹೊಡೆದಿದ್ದು ಇಲ್ಲಿ ಕೆಲಸಕ್ಕೆ ಬಂತು. ಬಿರುಕು ಯಾವಾಗಲೂ ಒಳಮೂಲೆಯಿಂದಲೇ ಹೊರಡೋದು.

ನೆಲಕ್ಕೆ ತಾಗಿಸಬೇಡಿ. 10 ಮಿ.ಮೀ. ಎತ್ತಿ ಹಿಡಿದು ಸ್ಕ್ರೂ ಹೊಡೀಬೇಕು, ನೆಲ ಒರೆಸಿದ ನೀರು ಬೋರ್ಡ್ ಹೀರದ ಹಾಗೆ. ಆ ಸಂದಿ ಸ್ಕರ್ಟಿಂಗ್ ಹಿಂದೆ ಮುಚ್ಚಿಹೋಗುತ್ತೆ. ಎತ್ತಕ್ಕೆ ಒಂದು ತುಂಡು ಪಟ್ಟಿ, ಅದರಡಿ ಇನ್ನೊಂದು ತುಂಡು ಇಟ್ಟು ಏತದ ಥರ ಕಾಲಲ್ಲಿ ತುಳಿದರೆ ಬೋರ್ಡ್ ಮೇಲೇಳುತ್ತೆ, ಎರಡು ಕೈಯೂ ಖಾಲಿ.

ಒಂದು ಪದರಕ್ಕೆ 25 ಮಿ.ಮೀ. ಉದ್ದದ ಕಪ್ಪು ಡ್ರೈವಾಲ್ ಸ್ಕ್ರೂ ಸಾಕು. 300 ಮಿ.ಮೀ.ಗೊಂದು, ಕಾಗದದ ಅಂಚಿನಿಂದ 10 ಮಿ.ಮೀ., ಕತ್ತರಿಸಿದ ಅಂಚಿನಿಂದ 15 ಮಿ.ಮೀ. ಒಳಗೆ. ಸ್ಕ್ರೂ ತಲೆ ಕಾಗದವನ್ನ ಸ್ವಲ್ಪ ತಗ್ಗಿಸಬೇಕು, ಹರೀಬಾರದು. ಬೋರ್ಡನ್ನ ಹಿಡಿದಿರೋದು ಕಾಗದವೇ. ಅದು ಹರಿದರೆ ಸ್ಕ್ರೂ ಬರೀ ಸುಣ್ಣದಲ್ಲಿ ನಿಂತ ಮೊಳೆ. ಮಾಮೂಲಿ ಡ್ರಿಲ್‌ನಲ್ಲಿ ನಾವು ಮೊದಲ ದಿನ ಹರಿದ ಸ್ಕ್ರೂಗಳಿಗೆ ಲೆಕ್ಕ ಇಲ್ಲ. ಆಳ ನಿಲ್ಲಿಸೋ ಬಿಟ್ ಅಂತ ಒಂದು ಸಿಗುತ್ತೆ, ಅಗ್ಗದ್ದೇ, ಮೊದಲೇ ತಗೊಳ್ಳಿ. ಹರಿದ ಸ್ಕ್ರೂವನ್ನ ತೆಗೆದು ಎರಡು ಇಂಚು ಆಚೆ ಇನ್ನೊಂದು ಹೊಡೆಯಿರಿ.

ನಮ್ಮ ಎತ್ತರ 10 ಅಡಿ, ಬೋರ್ಡ್ 8 ಅಡಿ. ಉಳಿದ ಎರಡಡಿ ತುಂಡುಗಳನ್ನ ಒಂದು ಸಾಲಿನಲ್ಲಿ ಮೇಲೆ, ಪಕ್ಕದ ಸಾಲಿನಲ್ಲಿ ಕೆಳಗೆ ಹಾಕಿ, ಅಡ್ಡ ಜೋಡಣೆಗಳು ಒಂದೇ ಗೆರೆಗೆ ಬರದ ಹಾಗೆ ಮಾಡಿದೆವು. ಪ್ರತಿ ಅಡ್ಡ ಜೋಡಣೆಯ ಹಿಂದೆ ಒಂದು ತುಂಡು ಟ್ರ್ಯಾಕ್ ಇರಲೇಬೇಕು. ಗೋಡೆಯ ಆ ಬದಿ ಈ ಬದಿ ಜೋಡಣೆಗಳೂ ಒಂದೇ ಸ್ಟಡ್ ಮೇಲೆ ಬೀಳಬಾರದು.

ಫಿನಿಶಿಂಗ್

ಬೋರ್ಡ್ ಕೂರಿಸೋದು ಎರಡೂವರೆ ದಿನ. ಫಿನಿಶಿಂಗ್ ಒಂಬತ್ತು ದಿನ. ಇದನ್ನ ಯಾರೂ ಮೊದಲೇ ಹೇಳಲ್ಲ.

ಉದ್ದಂಚಿನ ಇಳಿಜಾರು ಯಾಕೆ ಅಂದ್ರೆ, ಎರಡು ಬೋರ್ಡ್ ಸೇರಿದಾಗ ಅಲ್ಲಿ ಒಂದು ಅಗಲವಾದ, ಮಿಲಿಮೀಟರ್ ಲೆಕ್ಕದ ತಗ್ಗು ಆಗುತ್ತೆ. ಆ ತಗ್ಗಿನೊಳಗೆ ಜಾಯಿಂಟ್ ಕಾಂಪೌಂಡ್ ತುಂಬಿ, ಅದು ಹಸಿ ಇರುವಾಗಲೇ 50 ಮಿ.ಮೀ. ಅಗಲದ ಪೇಪರ್ ಟೇಪನ್ನ ಒತ್ತಿ ಕೂರಿಸಿ, ಮೇಲೆ ತೆಳ್ಳಗೆ ಇನ್ನೊಂದು ಕೈ ಎಳೆದರೆ ಎಲ್ಲವೂ ತಗ್ಗಿನೊಳಗೇ ಅಡಗುತ್ತೆ, ಉಬ್ಬು ಬರಲ್ಲ. ಟೇಪ್ ಇರೋದು ಅಂದಕ್ಕಲ್ಲ. ಕಾಂಪೌಂಡ್ ಒತ್ತಿದರೆ ತಡೆಯುತ್ತೆ, ಎಳೆದರೆ ತಡೆಯಲ್ಲ. ಕಾಂಕ್ರೀಟಿಗೆ ಕಬ್ಬಿಣ ಹೇಗೋ ಇದಕ್ಕೆ ಟೇಪ್ ಹಾಗೆ. ಗೋಡೆ ಪುಟ್ಟಿಯನ್ನೇ ಮೆತ್ತಿ ಟೇಪ್ ಇಲ್ಲದೆ ಬಿಟ್ಟ ಗೋಡೆಗಳು ಒಂದು ಬೇಸಿಗೆ ಕಳೆಯೋದ್ರೊಳಗೆ ನೆಟ್ಟಗೆ ಗೆರೆ ಬಿಡೋದು ಇದಕ್ಕೇ.

ಟೇಪ್ ಕೆಳಗೆ ಕಾಂಪೌಂಡ್ ಕಮ್ಮಿಯಾದರೆ ಒಣಗಿದ ಮೇಲೆ ಗುಳ್ಳೆ ಏಳುತ್ತೆ. ನಮಗೆ ಎರಡು ಕಡೆ ಎದ್ದಿತು. ಕೊಯ್ದು ತೆಗೆದು ಮತ್ತೆ ಹಾಕೋದು ಬಿಟ್ಟರೆ ದಾರಿಯಿಲ್ಲ. ಮೇಲೆ ಇನ್ನಷ್ಟು ಮೆತ್ತಿದರೆ ಗುಳ್ಳೆಯೇನೂ ಹೋಗಲ್ಲ.

ಮೊದಲ ಕೈ ಸುಮಾರು 100 ಮಿ.ಮೀ. ಅಗಲ, ಎರಡನೆಯದು 200, ಮೂರನೆಯದು 300. ಪ್ರತಿ ಕೈ ಪೂರ್ತಿ ಒಣಗಿದ ಮೇಲೆ ಮುಂದಿನದು. ಮಲೆನಾಡಿನ ಮೇ ತಿಂಗಳ ಗಾಳಿಯಲ್ಲಿ ಒಂದೊಂದು ಕೈ ಒಣಗಕ್ಕೆ ಒಂದು ದಿನಕ್ಕಿಂತ ಹೆಚ್ಚೇ ಹಿಡೀತು. ಅವಸರಕ್ಕೆ ಫ್ಯಾನ್ ಹಾಕಿದ ಕಡೆ ಕೂದಲಿನಂಥ ಬಿರುಕು ಬಂತು.

ಅಡ್ಡ ಜೋಡಣೆಗಳಿಗೆ ಈ ಸುಖ ಇಲ್ಲ. ಬೋರ್ಡಿನ ಗಿಡ್ಡ ಅಂಚು ಇಳಿಜಾರಿರಲ್ಲ, ಕತ್ತರಿಸಿದ ಅಂಚಂತೂ ಇರೋದೇ ಇಲ್ಲ. ಅಲ್ಲಿ ಟೇಪು, ಕಾಂಪೌಂಡು ಸೇರಿ ಒಂದೂವರೆ ಮಿಲಿಮೀಟರ್ ಉಬ್ಬು ಬಂದೇ ಬರುತ್ತೆ. ಉಬ್ಬನ್ನ ತೆಗೆಯಕ್ಕಾಗಲ್ಲ, ಕಣ್ಣಿಗೆ ಮರೆಸಬಹುದು. ಆ ಒಂದೂವರೆ ಮಿಲಿಮೀಟರನ್ನ 50 ಮಿ.ಮೀ.ನಲ್ಲಿ ಇಳಿಸಿದರೆ ಇಳಿಜಾರು 33ಕ್ಕೆ ಒಂದು, ಬೆಳಕಿಗೆ ಎದ್ದು ಕಾಣುತ್ತೆ. ಎರಡೂ ಬದಿ 300 ಮಿ.ಮೀ.ವರೆಗೆ ಎಳೆದು ಇಳಿಸಿದರೆ 200ಕ್ಕೆ ಒಂದು, ಕಾಣಲ್ಲ. ಅಂದ್ರೆ ಜೋಡಣೆ ಸಪಾಟಾಗಿ ಕಾಣಬೇಕಾದರೆ ಇನ್ನೂ ಅಗಲ ಮಾಡಬೇಕು, ಇನ್ನೂ ತಿಕ್ಕೋದಲ್ಲ. ನಾವು ಮೊದಲು ಮಾಡಿದ್ದು ಬರೀ ತಿಕ್ಕಿದ್ದು. ತಿಕ್ಕಿ ತಿಕ್ಕಿ ಟೇಪೇ ಕಂಡಿತು, ಪಕ್ಕದ ಬೋರ್ಡಿನ ಕಾಗದ ಜುಂಗುಜುಂಗಾಗಿ ಎದ್ದಿತು.

ಸ್ಯಾಂಡ್ ಪೇಪರ್ 150ರಿಂದ ಶುರು ಮಾಡಿ 220ಕ್ಕೆ ಮುಗಿಸಿ, ಹಗುರ ಕೈಯಲ್ಲಿ. ಧೂಳು ಹಿಟ್ಟಿನ ಗಿರಣಿ ಥರ ತುಂಬುತ್ತೆ; ಮಾಸ್ಕ್ ಹಾಕಿ, ಮೆಟ್ಟಿಲ ಬಾಗಿಲಿಗೆ ಒದ್ದೆ ಚಾದರ ಕಟ್ಟಿ. ನಾವು ಕಟ್ಟಲಿಲ್ಲ, ಕೆಳಗಿನ ಅಡುಗೆಮನೆಯಲ್ಲಿ ಅಮ್ಮನ ಒಗ್ಗರಣೆ ಡಬ್ಬಿವರೆಗೂ ಬೆಳ್ಳಗಾಯ್ತು. ತಿಕ್ಕಿದ್ದು ಸಾಕಾ ಅಂತ ನೋಡಕ್ಕೆ ಹಗಲು ಬೇಡ. ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚನ್ನ ಗೋಡೆಗೆ ಒರಗಿಸಿ ಹಿಡಿದರೆ ಬೆಳಕು ಓರೆಯಾಗಿ ಹರಿದು ಒಂದೊಂದು ಉಬ್ಬಿಗೂ ನೆರಳು ಬೀಳುತ್ತೆ. ಆ ನೆರಳುಗಳಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ಬೆಳಗ್ಗೆ ಸರಿಮಾಡೋದು. ಪೆನ್ನಲ್ಲಿ ಹಾಕಬೇಡಿ, ಶಾಯಿ ಪೇಂಟಿನ ಮೂಲಕವೂ ಮೇಲೆ ಬರುತ್ತೆ.

ಕೊನೆಗೆ ಪ್ರೈಮರ್, ಬಿಡಲೇಬಾರದ್ದು. ಕಾಗದ ಒಂದು ಥರ ಪೇಂಟ್ ಹೀರುತ್ತೆ, ಕಾಂಪೌಂಡ್ ಇನ್ನೊಂದು ಥರ. ನೇರ ಪೇಂಟ್ ಹೊಡೆದರೆ ಗೋಡೆ ಎಷ್ಟೇ ಸಪಾಟಾಗಿದ್ದರೂ ಜೋಡಣೆಗಳೆಲ್ಲ ಬೇರೆ ಹೊಳಪಿನ ಪಟ್ಟೆಗಳಾಗಿ ಕಾಣುತ್ತವೆ. ಪೇಂಟೂ ಮ್ಯಾಟ್ ಇರಲಿ. ಹೊಳೆಯೋ ಪೇಂಟ್ ನಿಮ್ಮ ತಪ್ಪುಗಳನ್ನ ಊರಿಗೆಲ್ಲ ಹೇಳುತ್ತೆ.

ದೊಡ್ಡಪ್ಪ ತಟ್ಟಿದ್ದು ಪೇಂಟ್ ಒಣಗಿದ ಮಾರನೇ ದಿನ. ಟಕ್ ಟಕ್ ಅನ್ನೋದು ನಿಜ ದೊಡ್ಡಪ್ಪ, ಒಳಗೆ ಸ್ಟಡ್ ಮತ್ತು ಸ್ಟಡ್ ನಡುವೆ ಬೋರ್ಡಿಗೆ ಒತ್ತು ಇಲ್ಲ, ಡೋಲಿನ ಚರ್ಮದ ಥರ ಮಿಡಿಯುತ್ತೆ. ಸ್ಟಡ್ ಇರೋ ಕಡೆ ತಟ್ಟಿ ನೋಡಿ, ಸದ್ದು ಬೇರೆ. ಬೆಕ್ಕು ಹಾರಿದರೆ ಏನೂ ಆಗಲ್ಲ. ಮಂಚದ ಮೂಲೆ ಬಡಿದರೆ ತೂತಾಗಬಹುದು, ಆಗ ಒಂದು ತುಂಡು ಕೂರಿಸಿ ಟೇಪ್ ಹಾಕಿದರೆ ಒಂದು ದಿನದ ಕೆಲಸ.

ಜೂನ್ ಎರಡನೇ ವಾರ ಮಳೆ ಹಿಡಿದಾಗ ತಂಗಿ ರೂಮಿಗೆ ಹೋಗಿದ್ದಳು. ಪಡುವಣ ಗೋಡೆಯ ಪ್ಲಾಸ್ಟಿಕ್ ಹಾಳೆಯ ಫೋಟೊ ವಾರಕ್ಕೊಂದು ಕಳಿಸ್ತಾಳೆ. ಇದು ಬರೆಯೋವರೆಗೆ ಒಳಮೈ ಒಣಗಿಯೇ ಇದೆ. ಶೆಲ್ಫ್ ಗಟ್ಟಿ ನಿಂತಿದೆ. ಬಾಗಿಲ ಎಡಕ್ಕೆ ಒಂದು ಅಡ್ಡ ಜೋಡಣೆ ಮಾತ್ರ ಸಂಜೆ ನಾಲ್ಕೂವರೆಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬಿದ್ದಾಗ ಇನ್ನೂ ಕಾಣುತ್ತೆ ಅಂತೆ. ಅವಳು ಅಲ್ಲಿಗೆ ಕ್ಯಾಲೆಂಡರ್ ತೂಗುಹಾಕಿದ್ದಾಳೆ.